ನಿಮ್ಮ ಬದಲಿಗೆ ನನ್ನ ಮೂಗು

ಬೂದಿಕೋಟೆ
18 ನವೆಂಬರ್ 2024, ಸೋಮವಾರ

ಪ್ರೀತಿಯ ನಮ್ಮ ಯಜಮಾನರಿಗೆ,

ನಿಮ್ಮ ಆದಿ ಮಾಡುವ ನಮಸ್ಕಾರ. ಮೈ ಹೇಗಿದೆ? ಕೈ ನಡುಗುವುದು ನಿಂತಿದೆ ಎಂದು ಬರೆದಿದ್ದಿರಿ. ನೀವು ಬರೆಯದಿದ್ದರೂ ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ಮದುವೆ ಗೊತ್ತಾದಾಗ ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯಿಂದ ನನಗೆ ಬರೆಯುತ್ತಿದ್ದಿರಲ್ಲ, ಆ ಗುಂಡು ಅಕ್ಷರ ಮತ್ತೆ ಬಂದಿದೆ. ನಿದ್ದೆ ಬರುತ್ತಿದೆಯಾ? ಹೊಟ್ಟೆ ಉರಿ ಹೇಗಿದೆ? ಮೂರು ಹೊತ್ತೂ ಅನ್ನ ಸಾರು ಹಾಕಿ ಸಾಯಿಸುತ್ತಾರೆ ಎಂದು ಗೊಣಗಿದ್ದೀರಿ. ಊಟದ ಮೇಲೆ ಗೊಣಗುವಷ್ಟು ನಾಲಿಗೆಗೆ ಜೀವ ಬಂದಿದೆಯಲ್ಲ ಎಂದು ನನಗೆ ಖುಷಿಯೇ ಆಯಿತು. ಕೋಲಾರದ ಕಡೆಯವರಿಗೆ ಮುದ್ದೆ ಇಲ್ಲದೆ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ ಅಂತ ನನ್ನ ಹೆಂಡತಿ ಹೇಳಿದ್ದಾಳೆ ಎಂದು ಅಲ್ಲಿನ ಸಿಸ್ಟರ್‌ಗೆ ಹೇಳಿ. ಆಂಡರ್ಸನ್‌ಪೇಟೆಯಲ್ಲಿ ಅತ್ತೆ ಚೆನ್ನಾಗಿದ್ದಾರೆ, ದಿನಕ್ಕೆ ಎರಡು ಸಲ ಫೋನ್ ಮಾಡಿ ನನ್ನ ತಲೆ ತಿನ್ನುತ್ತಾರೆ. ನಾವೂ ಇಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೊಳ್ಳಿ.

ಹೋದ ವಾರದ ಕಾಗದದಲ್ಲಿ ನೀವು ಕೇಳಿದ್ದು ಒಂದೇ ಮಾತು, ಕೆಲಸ ಉಳಿದಿದೆಯಾ ಅಂತ. ಉಳಿದಿದೆ. ಉಳಿಸಿದ್ದೇನೆ. ಹೇಗೆ ಎಂದು ಹೇಳಬೇಕಾದರೆ ನಿಮ್ಮ ಮುಂದೆ ಆಡಬಾರದ ಮಾತನ್ನೇ ಆಡಬೇಕಾಗುತ್ತದೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ಇರುವವರಿಗೆ ಬಾಟಲಿಯ ಸುದ್ದಿ ಬರೆಯಬಾರದು, ಅದರ ಹೆಸರು ಎತ್ತಿದರೂ ಅವರಿಗೆ ಬಾಯಲ್ಲಿ ನೀರೂರುತ್ತದೆ ಎಂದು ಡಾಕ್ಟರು ನಿಮ್ಮನ್ನು ಸೇರಿಸಿದ ದಿನವೇ ನನಗೆ ಹೇಳಿದ್ದರು. ಆದರೆ ಇದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಈ ಊರಿನಲ್ಲಿ ಬ್ರಾಂದಿಗೂ ವಿಸ್ಕಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದ ಜನರ ಹತ್ತಿರ ನಾನು ಕೂತು ಪೀಟ್ ಹೊಗೆಯ ವಿಷಯ ಮಾತಾಡುವುದಕ್ಕೆ ಆಗುತ್ತದಾ? ಒಂದು ತಿಂಗಳಿಂದ ಬಾಯಿ ಮುಚ್ಚಿಕೊಂಡು ಸಾಕಾಗಿದೆ. ಓದುವುದಕ್ಕೆ ಕಷ್ಟ ಆದರೆ ಅಲ್ಲೇ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಎರಡು ಸುತ್ತು ಓಡಾಡಿ ಬಂದು ಆಮೇಲೆ ಓದಿ.

ಗಣೇಶನ ಹಬ್ಬದ ಮೂರನೇ ದಿನ ನಿಮ್ಮನ್ನು ಅಲ್ಲಿ ಬಿಟ್ಟು ಬಂದೆನಲ್ಲ, ಅವತ್ತು ಸಂಜೆಯೇ ರಾಜ್‌ಕುಮಾರ್ ಫೋನ್ ಮಾಡಿದ್ದರು. ಗಂಡನನ್ನು ಕುಡಿತ ಬಿಡಿಸುವುದಕ್ಕೆ ಹಾಕಿದ್ದೇನೆ ಎಂದು ವಿಸ್ಕಿ ಕಂಪನಿಯ ಧಣಿಗೆ ಹೇಗೆ ಹೇಳಲಿ? ಕಾಮಾಲೆ ಅಂದೆ. ನಮ್ಮ ಕಡೆ ಬೇರಿನ ಔಷಧಿ ಕೊಡುತ್ತಾರೆ, ಮೂರು ತಿಂಗಳು ಪಥ್ಯ, ಮನೆ ಬಿಟ್ಟು ಆಚೆ ಹೋಗುವ ಹಾಗಿಲ್ಲ, ಮಾತಾಡುವುದಕ್ಕೂ ಸುಸ್ತು ಅಂದೆ. ನಂಬಿದರು. ಆದರೆ ಮಾರ್ನಮಿ ಮುಗಿದ ಮೇಲೆ ಮತ್ತೆ ಫೋನ್ ಬಂತು. “ಏನ್ ತಂಗಚ್ಚಿ, ನಾಗೇಶ್ ಎಂಗವ್ನೆ? ಕಾಮಾಲೆ ಬಂದೋನು ಕುಡೀಬಾರ್ದು ಸರಿ, ಮೂಸ್ಬಾರ್ದು ಅಂತ ಯಾವ ಡಾಕ್ಟ್ರೂ ಏಳಿಲ್ವಲ್ಲ. ಐದು ಸ್ಯಾಂಪಲ್ ಕಳಿಸ್ತೀನಿ, ಬಾಯಿಗಿಟ್ಟು ಉಗಿದ್ಬಿಡ್ಲಿ. ಇಲ್ಲಾಂದ್ರೆ ಬೆಂಗ್ಳೂರಿಂದ ಒಬ್ರು ಸಾರ್ ಅವನ ಜಾಗಕ್ಕೆ ಬತ್ತೀನಿ ಅಂತಾವ್ರೆ, ನಾನೇನ್ ಮಾಡ್ಲಿ?” ಅಂದರು. ಗದರಿಸಲಿಲ್ಲ, ಮೆತ್ತಗೇ ಹೇಳಿದರು. ನನಗೆ ಗದರಿಸಿದ್ದಕ್ಕಿಂತ ಹೆಚ್ಚಾಗಿ ಅದೇ ಹೆದರಿಕೆ ಆಯಿತು. ಮಾರನೇ ದಿನ ಆಟೋ ಸೆಲ್ವರಾಜ್ ಬಂಗಾರಪೇಟೆಯ ಗೋಡೌನಿನಿಂದ ಒಂದು ರಟ್ಟಿನ ಡಬ್ಬ ತಂದು ಜಗಲಿಯ ಮೇಲೆ ಇಟ್ಟು ಹೋದರು. ಒಳಗೆ ಕೆಮ್ಮಿನ ಔಷಧಿ ಬಾಟಲಿಯ ಗಾತ್ರದ ಐದು ಬಾಟಲಿ, ಮೇಲೆ ಒಂದರಿಂದ ಐದರವರೆಗೆ ನಂಬರು. ಹತ್ತು ದಿನದಲ್ಲಿ ವರದಿ ಬೇಕು ಎಂದು ಚೀಟಿ.

ನಿಮ್ಮ ಕೆಲಸ ಏನೆಂದು ಮದುವೆಯಾಗಿ ಹದಿನೆಂಟು ವರ್ಷ ಆದರೂ ನನಗೆ ಸರಿಯಾಗಿ ಗೊತ್ತಿರಲಿಲ್ಲ ನೋಡಿ. ಕುಡಿಯುವುದಕ್ಕೆ ಸಂಬಳ ಕೊಡುತ್ತಾರೆ ಅಂತ ಎಲ್ಲರ ಹಾಗೆ ನಾನೂ ಆಡಿಕೊಳ್ಳುತ್ತಿದ್ದೆ. ನಿಮ್ಮ ಟ್ರಂಕಿನಲ್ಲಿದ್ದ ನೀಲಿ ನೋಟ್‌ಬುಕ್ ತೆಗೆದು ಮೂರು ದಿನ ಓದಿದೆ. ರಾಜ್‌ಕುಮಾರ್ ವಿಸ್ಕಿ ಕಾಯಿಸುವವರಲ್ಲ, ಬೇರೆಯವರು ಕಾಯಿಸಿದ್ದನ್ನು ದೂರದ ದ್ವೀಪಗಳಿಂದ ಒಂದೊಂದೇ ಪೀಪಾಯಿ ಲೆಕ್ಕದಲ್ಲಿ ಕೊಂಡು ತಂದು, ಬಲಿಯುವ ತನಕ ಗೋಡೌನಿನಲ್ಲಿ ಮಲಗಿಸಿ, ಒಂದು ಪೀಪಾಯಿಗೆ ಇನ್ನೊಂದನ್ನು ಬೆರೆಸದೆ ತಮ್ಮ ಚೀಟಿ ಅಂಟಿಸಿ ಬಾಟಲಿಗೆ ತುಂಬುವವರು. ಯಾವ ಪೀಪಾಯಿ ಬಲಿತಿದೆ, ಯಾವುದು ಇನ್ನೂ ಕಾಯಬೇಕು, ಯಾವುದು ಕೆಟ್ಟಿದೆ ಎಂದು ಹೇಳುವ ಮೂಗು ನೀವು. ಪೀಟ್ ಅಂದರೆ ಜೌಗು ನೆಲದಲ್ಲಿ ಕೊಳೆತ ಹುಲ್ಲಿನ ಮಣ್ಣು, ಅದನ್ನು ಬೆರಣಿಯ ಹಾಗೆ ಕೊಯ್ದು ಒಣಗಿಸಿ, ಅದರ ಹೊಗೆಯಲ್ಲಿ ಬಾರ್ಲಿ ಕಾಳು ಆರಿಸುತ್ತಾರೆ, ಆ ಹೊಗೆ ಕೊನೆಯ ತನಕ ವಿಸ್ಕಿಯಲ್ಲಿ ಉಳಿಯುತ್ತದೆ ಎಂದು ನಿಮ್ಮ ಗುಂಡು ಅಕ್ಷರದಲ್ಲಿ ಬರೆದಿತ್ತು. ಓದಿ ಮುಗಿಸಿದಾಗ ನನಗೆ ಧೈರ್ಯ ಬಂತು. ಹದಿನಾರು ವರ್ಷದಿಂದ ಈ ಊರಿನ ಡೈರಿಯಲ್ಲಿ ನಾನು ಮಾಡುತ್ತಿರುವುದೂ ಅದನ್ನೇ. ಹಾಲಿನ ಫ್ಯಾಟ್ ನೋಡುವುದಕ್ಕೆ ಮಷೀನಿದೆ, ವಾಸನೆ ನೋಡುವುದಕ್ಕೆ ನಾನಿದ್ದೇನೆ. ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ಯಾರ ಹಸು ಬೇವಿನ ಹಿಂಡಿ ತಿಂದಿದೆ, ಯಾರು ಮಾರುಕಟ್ಟೆಯಲ್ಲಿ ಹೋಗದ ಟೊಮೆಟೊ ತಂದು ಹಾಕಿದ್ದಾರೆ, ಯಾರು ನಿನ್ನೆಯ ಸಂಜೆಯ ಹಾಲು ಸೇರಿಸಿದ್ದಾರೆ ಎಂದು ಹೇಳುತ್ತೇನೆ. ನಿಮ್ಮ ಮೂಗಿಗೆ ಕಾಯಿಲೆಯಾದರೆ ನನ್ನ ಮೂಗು ಏತಕ್ಕಿದೆ?

ನಿಮ್ಮ ನೋಟ್‌ಬುಕ್‌ನಲ್ಲಿ ಹೇಳಿದ ಹಾಗೇ ಮಾಡಿದೆ. ಬೆಳಗಿನ ಹಾಲು ಮುಗಿಸಿ, ಸ್ನಾನ ಮಾಡಿ, ಒಗ್ಗರಣೆ ಹಾಕದೆ, ಹೂವು ಮುಡಿಯದೆ ಹತ್ತು ಗಂಟೆಗೆ ಕೂತೆ. ಹೊಟ್ಟೆ ದಪ್ಪ ಬಾಯಿ ಸಣ್ಣ ಇರುವ ನಿಮ್ಮ ಗಾಜಿನ ಲೋಟ, ಪಕ್ಕದಲ್ಲಿ ನೀರು, ಉಗುಳುವುದಕ್ಕೆ ಬೂದಿ ಹಾಕಿದ ಬಕೆಟ್ಟು. ಒಂದನೆಯ ನಂಬರು ಎಳಸು. ಹಂಡೆ ಒಲೆಗೆ ತೆಂಗಿನ ಮಟ್ಟೆ ಇಟ್ಟು ಊದಿದಾಗ ಕಣ್ಣಿಗೆ ಹೊಡೆಯುತ್ತದಲ್ಲ, ಆ ಹೊಗೆ, ಹಿಂದೆಯೇ ನಿಂಬೆಹಣ್ಣಿನ ಸಿಪ್ಪೆ, ಆಮೇಲೆ ಏನೂ ಇಲ್ಲ. ಮುಂದೆ ಬಾಯಿ ಹಿಂದೆ ಬಯಲು. ಎರಡನೆಯದನ್ನು ಮೂಸಿದ ಕೂಡಲೇ ಆಸ್ಪತ್ರೆಯ ಡ್ರೆಸಿಂಗ್ ಕೋಣೆ, ಟಿಂಚರು, ಹೊಸ ಬ್ಯಾಂಡೇಜು. ಬಾಯಿಗೆ ಇಟ್ಟರೆ ಆಂಡರ್ಸನ್‌ಪೇಟೆ ಸಂತೆಯ ಒಣಮೀನಿನ ಸಾಲು, ಉಪ್ಪು, ನಾಲಿಗೆಯ ಅಂಚಿನಲ್ಲಿ ಕರಿಮೆಣಸು. ಸಮುದ್ರ ನಾನು ರಾಮೇಶ್ವರದಲ್ಲಿ ಒಂದೇ ಸಲ ನೋಡಿದ್ದು, ಅದೂ ನಿಮ್ಮ ಜೊತೆ. ಮೂರನೆಯದು ದ್ರಾಕ್ಷಿ ಸಾರಾಯಿ ಇಟ್ಟಿದ್ದ ಪೀಪಾಯಿಯಲ್ಲಿ ಬಲಿತದ್ದು ಇರಬೇಕು, ಆಲೆಮನೆಯಲ್ಲಿ ಪಾಕ ಇಳಿಸುವ ಹೊತ್ತಿನ ವಾಸನೆ, ಒಣದ್ರಾಕ್ಷಿ, ಹುಣಸೆ. ಆದರೆ ಸಿಹಿ ಬಂದು ಹೊಗೆಯ ಕುತ್ತಿಗೆ ಹಿಸುಕಿಬಿಟ್ಟಿದೆ. ಎರಡನೆಯದು ಒರಟು ಆದರೂ ನಿಜ ಹೇಳುತ್ತದೆ, ಮೂರನೆಯದು ನಯವಾಗಿ ಮಾತಾಡಿ ಮುಚ್ಚಿಡುತ್ತದೆ ಎಂದು ಬರೆದುಕೊಂಡೆ. ಎಲ್ಲವನ್ನೂ ಉಗುಳಿದೆ. ಬಕೆಟ್ಟಿನ ಬೂದಿ ಒದ್ದೆಯಾಗಿ ಗಟ್ಟಿಯಾಗಿತ್ತು.

ನಾಲ್ಕನೆಯದರ ವಿಷಯ ಬೇರೆಯೇ ಬರೆಯಬೇಕು. ಅದರಲ್ಲಿ ಹೊಗೆ ಇದೆಯಾ ಎಂದೇ ಮೊದಲು ಅನುಮಾನ ಬಂತು. ಒಲೆ ಆರಿ ಎಷ್ಟೋ ಹೊತ್ತಾದ ಮೇಲೆ ಅಡುಗೆಮನೆಗೆ ಹೋದರೆ ಇರುತ್ತದಲ್ಲ, ಅಷ್ಟೇ. ಐದು ನಿಮಿಷ ಬಿಟ್ಟು ಮೂಸಿದರೆ ರಾಗಿ ಹುರಿಟ್ಟು. ಇನ್ನೈದು ನಿಮಿಷಕ್ಕೆ, ಸೌದೆ ಒಲೆಯ ಮೇಲೆ ಕೆನೆಗಟ್ಟಿದ ಹಾಲು. ಎರಡು ಹನಿ ನೀರು ಬಿಟ್ಟರೆ ಎಲ್ಲಿಂದಲೋ ಸುಗಂಧರಾಜ. ಉಗುಳಿದ ಮೇಲೆ ಬಾಯಿ ಬರಿದಾಯಿತು, ನನಗೆ ಬೇಜಾರಾಯಿತು. ನಿಮ್ಮ ನೋಟ್‌ಬುಕ್‌ನಲ್ಲಿ ಉಗುಳಬೇಕು ಎಂಬ ಮಾತಿಗೆ ಎರಡು ಗೆರೆ ಎಳೆದಿದ್ದೀರಿ, ಆದರೆ ಅದರ ಕೆಳಗೇ ಬರೆದಿದ್ದೀರಿ, ರುಚಿಯ ಬಾಲ ಎಷ್ಟು ಉದ್ದ ಎಂದು ತಿಳಿಯಬೇಕಾದರೆ ಒಂದು ಹನಿ ಗಂಟಲಿಗೆ ಇಳಿಯಲೇಬೇಕು ಅಂತ. ಹಾಗಾಗಿ ಒಂದು ಹನಿ ಇಳಿಸಿದೆ. ನೀವು ಬರೆದದ್ದು ಸರಿ. ಮಧ್ಯಾಹ್ನ ಬಟ್ಟೆ ಒಗೆಯುವಾಗಲೂ ಆ ಬಾಲ ನನ್ನ ಗಂಟಲಿನಲ್ಲಿ ಬೆಚ್ಚಗೆ ಇತ್ತು. ನಿಮ್ಮನ್ನು ಬಿಟ್ಟು ಬಂದಾಗಿನಿಂದ ಎದೆಯ ಮೇಲೆ ಒಂದು ಕಲ್ಲು ಕೂತಿತ್ತು, ಯಾರಿಗೂ ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ಅದು ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಹಳ ದಿನದ ಮೇಲೆ ಹಾಡು ಹೇಳಿಕೊಂಡು ಬಟ್ಟೆ ಹಿಂಡಿದೆ. ಮಾರನೇ ದಿನ ಅನುಮಾನ ಪರಿಹಾರಕ್ಕೆ ನಾಲ್ಕನೆಯದನ್ನು ಇನ್ನೊಂದು ಸಲ ನೋಡಿದೆ, ಅದರ ಮಾರನೇ ದಿನವೂ ನೋಡಿದೆ.

ಐದನೆಯ ನಂಬರಿನಲ್ಲಿ ರಾಜ್‌ಕುಮಾರ್ ಒಂದು ಆಟ ಆಡಿದ್ದರು. ಮೂಸಿದರೆ ಅದೇ ಆಸ್ಪತ್ರೆ, ಅದೇ ಒಣಮೀನು, ಆದರೆ ಕಣ್ಣಿಗೆ ಹೊಡೆಯುವುದಿಲ್ಲ, ದೂರದಲ್ಲಿ ನಿಂತು ಕರೆದ ಹಾಗಿದೆ. ಬಾಯಿಗಿಟ್ಟ ಕೂಡಲೇ ನನಗೆ ನಗು ಬಂತು. ಹದಿನಾರು ವರ್ಷ ಹಾಲು ನೋಡಿದವಳಿಗೆ ನೀರು ಬೆರೆಸಿದ್ದು ತಿಳಿಯದೆ ಇರುತ್ತದಾ? ಎರಡನೆಯ ಪೀಪಾಯಿಯದೇ ವಿಸ್ಕಿ, ಮೂರು ಪಾಲಿಗೆ ಒಂದು ಪಾಲು ನೀರು, ಅದೂ ಬೋರ್‌ವೆಲ್ ನೀರು, ಹಲ್ಲಿಗೆ ಉಪ್ಪು ಹತ್ತುತ್ತದೆ. ಹಾಗೆಂದೇ ಬರೆಸಿದೆ. ನಾನು ಹೇಳುತ್ತಾ ಹೋದೆ, ನವ್ಯ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಹಂಡೆ ಒಲೆಗೆ ಇಂಗ್ಲಿಷಿನಲ್ಲಿ ಏನು ಎಂದು ತಾಯಿ ಮಗಳು ಅರ್ಧ ಗಂಟೆ ಜಗಳ ಆಡಿದೆವು. ನಾಲ್ಕನೆಯದನ್ನು ಈಗಲೇ ತುಂಬಿ, ಒಂದನೆಯದು ಇನ್ನೂ ನಾಲ್ಕು ವರ್ಷ ಮಲಗಲಿ, ಮೂರನೆಯದನ್ನು ಸಿಹಿ ಬೇಕು ಅನ್ನುವವರಿಗೆ ಮಾರಿ, ಐದನೆಯದು ಎರಡನೆಯದೇ, ನೀರು ಹಾಕಿ ನನ್ನನ್ನು ಪರೀಕ್ಷೆ ಮಾಡಬೇಡಿ ಎಂದು ಬರೆಸಿ ಕೊನೆಗೆ ನಿಮ್ಮ ಹೆಸರು ಹಾಕಿಸಿದೆ. ಎರಡು ದಿನ ಬಿಟ್ಟು ಫೋನ್ ಬಂತು. “ತಂಗಚ್ಚಿ, ನಾಗೇಶ್ ಮೂಗು ಅಂದ್ರೆ ಮೂಗು. ಬೆಂಗ್ಳೂರ್ ಸಾರ್‌ಗೂ ಅದೇ ಐದು ಕೊಟ್ಟಿದ್ದೆ, ನೀರಾಕಿದ್ದು ಗೊತ್ತೇ ಆಗ್ಲಿಲ್ಲ. ಇಷ್ಟು ವರ್ಷದಾಗೆ ಅವನು ಇಂಗೆ ಯಾವತ್ತೂ ಬರ್ದಿಲ್ಲ” ಅಂದರು. ನಿಮಗೆ ಬೇಜಾರಾಗಬಾರದು, ನನಗೆ ಹೆಮ್ಮೆ ಆಯಿತು. ಜನ್ಮದಲ್ಲಿ ಮೊದಲನೇ ಸಲ ನನ್ನ ಮೂಗನ್ನು ಒಬ್ಬರು ಹೊಗಳಿದ್ದು, ಅದೂ ನಿಮ್ಮ ಹೆಸರಿನಲ್ಲಿ.

ದೀಪಾವಳಿಗೆ ಇನ್ನೂ ಏಳು ಸ್ಯಾಂಪಲ್ ಬಂದವು, ಎಲ್ಲ ಹೊಗೆಯವೇ. ಜೊತೆಗೆ ನಾಲ್ಕನೆಯ ಪೀಪಾಯಿಯದು ಒಂದು ತುಂಬಿದ ಬಾಟಲಿ, ನಾಗೇಶ್ ವಾಸಿಯಾದ ಮೇಲೆ ಕುಡಿಯಲಿ ಅಂತ ಕೆಂಪು ಟೇಪು ಸುತ್ತಿ ಕಳಿಸಿದ್ದಾರೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದಿತ್ತು. ನೀವು ಬರುವ ಹೊತ್ತಿಗೆ ಯಾರಿಗಾದರೂ ಕೊಟ್ಟುಬಿಡೋಣ ಎಂದು ರಾಗಿ ಡ್ರಮ್ಮಿನೊಳಗೆ ಹೂತಿಟ್ಟೆ. ಏಳನ್ನೂ ಒಂದೊಂದಾಗಿ ನೋಡಿದೆ, ಬರೆದೂ ಕಳಿಸಿದೆ, ಆದರೆ ಈ ಸಲ ಯಾವುದೂ ನಾಲ್ಕನೆಯದರ ಹತ್ತಿರಕ್ಕೆ ಬರಲಿಲ್ಲ. ಹೋಲಿಸಿ ನೋಡುವುದಕ್ಕೆ ಅದು ಪಕ್ಕದಲ್ಲಿ ಇರಬೇಕಲ್ಲ, ಅದಕ್ಕೆ ಡ್ರಮ್ಮಿನಿಂದ ತೆಗೆದು ಟೇಪು ಬಿಚ್ಚಬೇಕಾಯಿತು. ಕಾರ್ಕು ಸರಿಯಾಗಿ ಕೂತಿರಲಿಲ್ಲವೋ ಏನೋ, ಎರಡು ವಾರದಲ್ಲಿ ಆರಿ ಆರಿ ತಳಕ್ಕೆ ಬಂದಿದೆ. ನೀವೂ ಹಿಂದೆ ಹೀಗೇ ಹೇಳುತ್ತಿದ್ದಿರಿ, ಕಾರ್ಕಿನ ಸಂದಿಯಲ್ಲಿ ತಾನಾಗಿ ಆರಿಹೋಗುತ್ತದೆ ಕಣೇ ಅಂತ. ಆಗ ನಾನು ನಂಬದೆ ನಿಮ್ಮ ಮೇಲೆ ಸೌಟು ಎಸೆದಿದ್ದೆ. ಈಗ ನಂಬುತ್ತೇನೆ.

ನವ್ಯ ಚೆನ್ನಾಗಿ ಓದುತ್ತಿದ್ದಾಳೆ, ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ತೊಂಬತ್ತೊಂದು ಬಂದಿದೆ. ನಿಮ್ಮನ್ನು ಬಹಳ ನೆನೆಸಿಕೊಳ್ಳುತ್ತಾಳೆ. ದೀಪಾವಳಿಯ ಎಣ್ಣೆಸ್ನಾನದ ದಿನ ನಾನು ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದೆ, ಬಗ್ಗಿ ಮುಖಕ್ಕೆ ಹಚ್ಚುವಾಗ ಸುಮ್ಮನೆ ಕೂತಿದ್ದವಳು ಹಿಂದಕ್ಕೆ ಸರಿದು “ಅಮ್ಮಾ, ಅಪ್ಪನ ವಾಸ್ನೆ ಬತ್ತೈತೆ” ಅಂದಳು. ಪಾಪ, ಮಗುವಿಗೆ ನೀವಿಲ್ಲದೆ ಹಬ್ಬ ಕಷ್ಟವಾಯಿತು ಎಂದು ನನಗೆ ಕಣ್ಣಲ್ಲಿ ನೀರು ಬಂತು. ಆಮೇಲಿಂದ ಅವಳು ನನ್ನ ಪಕ್ಕ ಮಲಗುವುದಿಲ್ಲ. ಪರೀಕ್ಷೆ, ಓದಬೇಕು, ಲೈಟು ನಿನಗೆ ತೊಂದರೆ ಎಂದು ಚಾಪೆ ಎತ್ತಿಕೊಂಡು ನಡುಮನೆಗೆ ಹೋಗಿದ್ದಾಳೆ. ವಯಸ್ಸಿಗೆ ಬರುವ ಹುಡುಗಿಯರು ಹಾಗೇ ಇರಬೇಕು. ಎರಡನೇ ಸಲದ ವರದಿಯನ್ನು ಟೈಪ್ ಮಾಡಿಕೊಡು ಅಂದರೆ ಮಾಡಿಕೊಡಲಿಲ್ಲ. ಬೈದೆ. ಕೈ ಎತ್ತಿಬಿಟ್ಟೆ ಕೂಡ. ಇದನ್ನು ಬರೆಯಬಾರದು ಎಂದಿದ್ದೆ, ಬರೆದಾಯಿತು. ಅವಳ ಮೇಲೆ ಇದುವರೆಗೆ ನಾನಾಗಲಿ ನೀವಾಗಲಿ ಕೈ ಮಾಡಿದವರಲ್ಲ. ಕೊನೆಗೆ ನಾನೇ ಕನ್ನಡದಲ್ಲಿ ಬರೆದು ಫೋಟೋ ತೆಗೆದು ಕಳಿಸಿದೆ. ರಾಜ್‌ಕುಮಾರ್‌ಗೆ ಕನ್ನಡ ಓದಲು ನಿಧಾನವಾಗುತ್ತದೆಯಂತೆ, ಇನ್ನೂ ಏನೂ ಹೇಳಿಲ್ಲ.

ಡೈರಿಯ ಸುದ್ದಿ ಚೆನ್ನಾಗಿಲ್ಲ. ಬಿಸಿಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಸೋನೆ, ಈ ವಾತಾವರಣಕ್ಕೆ ಹಾಲು ಬೇಗ ಕೆಡುತ್ತದೆ. ಹೋದ ಗುರುವಾರ ನಾನು ನೋಡಿ ಸರಿ ಅಂದ ಎರಡು ಕ್ಯಾನು ಹುಳಿ ಎಂದು ವಾಪಸ್ ಬಂದವು. ಮೂವತ್ತು ಮನೆಯ ಹಾಲನ್ನು ಚರಂಡಿಗೆ ಸುರಿಯಬೇಕಾಯಿತು. ನನ್ನ ಕೈ ದಾಟಿ ಕೆಟ್ಟ ಹಾಲು ಹೋದದ್ದು ಹದಿನಾರು ವರ್ಷದಲ್ಲಿ ಅದೇ ಮೊದಲು. ಸೆಕ್ರೆಟರಿ ಸುಬ್ಬರಾಯಪ್ಪ ನಾನು ಕ್ಯಾನು ತೊಳೆಯುವುದನ್ನು ನೋಡುತ್ತಾ ನಿಂತಿದ್ದರು. ಎರಡು ದಿನ ನಾನು ಬಹಳ ಹುಷಾರಾಗಿ ಇದ್ದೆ, ಅನುಮಾನ ಬಂದದ್ದನ್ನೆಲ್ಲ ವಾಪಸ್ ಕಳಿಸಿದೆ. ಮೊನ್ನೆ ಶನಿವಾರ ಬೆಳಿಗ್ಗೆ ಒಬ್ಬರ ಹಾಲಿನಲ್ಲಿ ಹೊಗೆ, ಅವರ ಹಿಂದಿನವರದರಲ್ಲೂ ಹೊಗೆ. ಚಳಿಗೆ ಜನ ಕೊಟ್ಟಿಗೆಯಲ್ಲಿ ಬೆಂಕಿ ಹಾಕುತ್ತಿದ್ದಾರೆ ಅಂದುಕೊಂಡೆ. ಸಾಲಿನ ಕೊನೆಯಲ್ಲಿ ಕೆರೆ ಅಂಚಿನ ಅಂಜಮ್ಮ. ಆಕೆಗೆ ಇರುವುದು ಒಂದೇ ಹಸು, ಆ ಹಾಲಿನಲ್ಲೇ ಆಕೆಯ ಜೀವನ, ಎಂದೂ ಒಂದು ತೊಟ್ಟು ನೀರು ಹಾಕಿದವರಲ್ಲ. ಮುಚ್ಚಳ ತೆಗೆದರೆ ಅದರಲ್ಲೂ ಹೊಗೆ. ಒಲೆ ಪಕ್ಕ ಇಟ್ಟು ಹೊಗೆ ಹಿಡಿಸಿದ್ದೀಯ, ತಗೊಂಡು ಹೋಗು ಎಂದು ಎಲ್ಲರೆದುರು ಕ್ಯಾನನ್ನು ತಳ್ಳಿದೆ. ಅದು ಉರುಳಿತು. ಆಕೆ ಬೈಯಲಿಲ್ಲ. ನನ್ನ ಹತ್ತಿರಕ್ಕೆ ಬಂದು, ಮುಖ ನೋಡಿ, ಯಾರಿಗೂ ಕೇಳದ ಹಾಗೆ ಹೇಳೋಣ ಎಂದೇ ಮೆಲ್ಲಗೆ ಹೇಳಿದರು. “ಒಗೆ ನನ್ ಆಲ್ನಾಗಿಲ್ಲ ಕಣಮ್ಮಾ. ನಿನ್ ಬಾಯಾಗೈತೆ.” ಎಲ್ಲರಿಗೂ ಕೇಳಿಸಿತು. ಸುಬ್ಬರಾಯಪ್ಪ ನನ್ನ ಕೈಯಿಂದ ಹಾಲು ಕಲಕುವ ಸೌಟು ಇಸಕೊಂಡು “ಇವತ್ತು ಮನೇಗೋಗಮ್ಮ” ಅಂದರು.

ಬಡವರಿಗೆ ಬಾಯಿ ಜಾಸ್ತಿ, ಗಂಡ ಊರಲ್ಲಿಲ್ಲದ ಹೆಂಗಸನ್ನು ಕಂಡರೆ ಎಲ್ಲರಿಗೂ ಸದರ ಎಂದು ಮನೆಗೆ ಬರುವ ತನಕ ಬೈದುಕೊಂಡೆ. ಏಲಕ್ಕಿ ಅಗಿದೇ ಹೋಗಿದ್ದೆ, ಅವರಿಗೆ ವಾಸನೆ ಹೇಗೆ ಬಂತೋ. ಅದೂ ಹಿಂದಿನ ದಿನ ನೋಡಿದ ಸ್ಯಾಂಪಲ್ಲು, ಅವತ್ತಿನದಲ್ಲ. ಅವತ್ತು ಬೆಳಿಗ್ಗೆ ಹಾಲಿಗೆ ಹೋಗುವ ಮುಂಚೆ ಬರೀ ಒಂದು ಮುಚ್ಚಳ, ಚಳಿಗೆ. ಸೌಟು ಹಿಡಿದರೆ ಕೈ ನಡುಗುತ್ತದೆ, ಹಾಲು ಚೆಲ್ಲಿದರೆ ಜನ ಆಡಿಕೊಳ್ಳುತ್ತಾರೆ, ಒಂದು ಮುಚ್ಚಳ ಹಾಕಿದರೆ ಕೈ ನಿಲ್ಲುತ್ತದೆ. ನೀವು ಇದನ್ನು ಓದಿ ಏನೇನೋ ಅಂದುಕೊಳ್ಳಬೇಡಿ. ನಾನು ಒಂದು ಯೋಚನೆ ಮಾಡಿದ್ದೇನೆ. ಡಿಸೆಂಬರ್ ಒಂಬತ್ತಕ್ಕೆ ನಿಮ್ಮ ತೊಂಬತ್ತು ದಿನ ಮುಗಿದು ಬರುತ್ತೀರಿ. ನೀವು ಮತ್ತೆ ಒಂದು ತೊಟ್ಟು ಬಾಯಿಗೆ ಹಾಕುವ ಹಾಗಿಲ್ಲ, ಹಾಕಿದರೆ ಲಿವರ್ ಉಳಿಯುವುದಿಲ್ಲ ಎಂದು ಡಾಕ್ಟರು ಬರೆದೇ ಕೊಟ್ಟಿದ್ದಾರೆ. ಆದ್ದರಿಂದ ಇನ್ನು ಮುಂದೆ ಬಾಯಿಗೆ ಇಡುವ ಕೆಲಸ ನನ್ನದು, ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುವ ಕೆಲಸ ನಿಮ್ಮದು. ಹೊರಗಿನವರಿಗೆ ಯಾಕೆ ತಿಳಿಯಬೇಕು? ರಾಜ್‌ಕುಮಾರ್ ತಿಂಗಳಿಗೆ ಎಂಟು ಸ್ಯಾಂಪಲ್ ಕಳಿಸುತ್ತಾರಂತೆ. ನಾನು ನಿಭಾಯಿಸುತ್ತೇನೆ. ಬೇಕೆಂದಾಗ ನಿಲ್ಲಿಸುವುದು ನನಗೆ ಗೊತ್ತು.

ಹೊಟ್ಟೆ ತುಂಬಾ ಉಣ್ಣಿ, ಮಾತ್ರೆ ತಪ್ಪಿಸಬೇಡಿ. ಜೊತೆಯಲ್ಲಿ ಇರುವವರ ಹತ್ತಿರ ಜಗಳ ಆಡಬೇಡಿ, ಎಲ್ಲರೂ ಒಂದೊಂದು ಮನೆಯನ್ನು ನೋಯಿಸಿ ಬಂದವರೇ. ನೀವು ಗೆದ್ದು ಬರುತ್ತೀರಿ ಎಂದು ನನಗೆ ಈಗಲೂ ನಂಬಿಕೆ ಇದೆ, ಅದೊಂದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅತ್ತೆಯ ಆಶೀರ್ವಾದ, ಮಗಳ ಪ್ರೀತಿ ಈ ಕಾಗದದ ಜೊತೆಗೇ ಬರುತ್ತಿದೆ.

ಇತಿ ನಿಮ್ಮವಳೇ ಆದ
ಆದಿಲಕ್ಷ್ಮಮ್ಮ

ಮ.ವಿ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ಅಕ್ಷರ ಸೊಟ್ಟ ಬಂದರೆ ಕ್ಷಮಿಸಿ, ಇವತ್ತು ಹತ್ತು ಗಂಟೆಯಿಂದ ಏನೂ ಹಾಕಿಲ್ಲ, ಅದಕ್ಕೆ ಹೀಗೆ. ಬಾಟಲಿ ಆರಲಿಲ್ಲ. ಕುಡಿದೆ. ಅದು ಮುಗಿಯುವ ಮೊದಲೇ ನಿಮಗೆ ಬೇಕಂತೆ ಎಂದು ರಾಜ್‌ಕುಮಾರ್‌ಗೆ ಫೋನ್ ಮಾಡಿ ಇನ್ನೊಂದು ತರಿಸಿಕೊಂಡೆ, ಅದೂ ಅರ್ಧ ಆಗಿದೆ. ಮೂರು ದಿನದಿಂದ ಮೂಗಿಗೆ ಏನೂ ತಿಳಿಯುತ್ತಿಲ್ಲ, ನಾಲ್ಕನೆಯದೂ ಒಂದೇ, ಸೀಮೆಎಣ್ಣೆಯೂ ಒಂದೇ. ಆದರೂ ನಿಲ್ಲಿಸಲು ಆಗುತ್ತಿಲ್ಲ. ನೀವು ಕೆಟ್ಟದ್ದು ಹೇಗೆ ಎಂದು ಇಷ್ಟು ವರ್ಷ ಕೇಳುತ್ತಿದ್ದೆ, ಇನ್ನು ಕೇಳುವುದಿಲ್ಲ. ನಿನ್ನೆ ನವ್ಯ ಬಟ್ಟೆ ಪುಸ್ತಕ ಕಟ್ಟಿಕೊಂಡು ತಾನೇ ಬಸ್ಸು ಹತ್ತಿ ಅಜ್ಜಿಯ ಮನೆಗೆ ಹೋದಳು, ನಾನು ತಡೆಯಲಿಲ್ಲ. ಒಂಬತ್ತನೇ ತಾರೀಕು ನೀವು ಈ ಮನೆಗೆ ಬರಬೇಡಿ, ಬಾಗಿಲು ಕೂಡ ದಾಟಬೇಡಿ, ಸೀದಾ ಆಂಡರ್ಸನ್‌ಪೇಟೆಗೆ ಹೋಗಿ ಮಗಳ ಹತ್ತಿರ ಇರಿ. ಈ ಕಾಗದವನ್ನು ಬಚ್ಚಿಡದೆ ಸಿಸ್ಟರ್ ಕೈಗೆ ಕೊಡಿ. ಅಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳುತ್ತಾರಾ ಕೇಳಿ. ಸೇರಿಸಿಕೊಳ್ಳುವುದಾದರೆ ಇವತ್ತೇ ನನ್ನ ಹೆಸರು ಬರೆಸಿ.